ಕಪ್ಪು ನಾಲ್ಕು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ತಪ್ಪು ಕಂಡರೆ ಕೈ ತಾನಾಗಿ ಕೆಂಪು ಪೆನ್ನನ್ನು ಹುಡುಕುತ್ತದೆ. ನಿವೃತ್ತಿಯಾದ ಮೇಲೂ ಈ ರೋಗ ಬಿಟ್ಟಿಲ್ಲ. ಬಸ್ಸಿನ ಬೋರ್ಡು, ಮದುವೆ ಕಾಗದ, ಚರ್ಚಿನ ನೋಟೀಸು, ಯಾವುದನ್ನೂ ಸುಮ್ಮನೆ ಓದಲಿಕ್ಕಾಗುವುದಿಲ್ಲ. ಆದ್ದರಿಂದ ಈ ಸಲ ನನಗಾದದ್ದು ನನಗೆ ತಕ್ಕದ್ದೇ ಎಂದು ನಮ್ಮೂರಿನ ಕೆಲವರು ಹೇಳುತ್ತಾರೆ. ಹೇಳಲಿ.

ಸಿದ್ಧಕಟ್ಟೆಯಿಂದ ಮೂಡುಬಿದಿರೆಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ತಿರುಗಿ ಎರಡು ಕಿಲೋಮೀಟರು ಹೋದರೆ ನಮ್ಮ ಚರ್ಚು. ಅಲ್ಲಿ ಆರ್ಗನ್ ಬಾರಿಸುವವಳು ನಾನು, ಜೆಸಿಂತಾ. ನನಗಿಂತ ಮೊದಲು ನನ್ನ ತಂದೆ, ಬಸ್ತ್ಯಾಂವ್ ಮಾಸ್ಟ್ರು. ಆರ್ಗನ್ ಎಂದಾಕ್ಷಣ ಗೋಡೆ ತುಂಬ ಕೊಳವೆಗಳಿರುವ ವಿಲಾಯತಿ ವಾದ್ಯವನ್ನು ನೆನೆಯಬೇಡಿ. ಇದು ಕಾಲಲ್ಲಿ ತಿದಿ ತುಳಿದು ಬಾರಿಸುವ ಮರದ ಪೆಟ್ಟಿಗೆ, ಹಾರ್ಮೋನಿಯಂನ ದೊಡ್ಡಪ್ಪ. ನೂರು ವರ್ಷಗಳ ಹಿಂದೆ ಇಟಲಿಯ ಪಾದ್ರಿಯೊಬ್ಬರು ಹಡಗಿನಲ್ಲಿ ತರಿಸಿದ್ದು. 1996ರಲ್ಲಿ ಪಪ್ಪ ತೀರಿಕೊಂಡ ಮೇಲೆ ಅದಕ್ಕೆ ಟಾರ್ಪಾಲು ಹೊದೆಸಿ, ಹಾಡುವವರು ನಿಲ್ಲುವ ಚರ್ಚಿನ ಅಟ್ಟದಲ್ಲೇ ಮೂಲೆಗೆ ತಳ್ಳಿದರು. ಎಲೆಕ್ಟ್ರಿಕ್ ಕೀಬೋರ್ಡು ಬಂತು. ಅದರ ಮುಂದೆ ಕೂತವಳೂ ನಾನೇ.

ನಮ್ಮಲ್ಲೊಂದು ಹಾಡಿದೆ, ಸತ್ತವರನ್ನು ಕಳುಹಿಸುವ ಹಾಡು. ಹಳೆಯ ಕೊಂಕಣಿ, ಒಂಬತ್ತು ನುಡಿ, ಅರ್ಧ ಶಬ್ದಗಳ ಅರ್ಥ ಈಗ ಯಾರಿಗೂ ಗೊತ್ತಿಲ್ಲ. ಊರಲ್ಲಿ ಯಾರೇ ಸತ್ತರೂ ಶವ ಚರ್ಚಿನಿಂದ ಹೊರಡುವ ಮೊದಲು ಇದನ್ನು ಹಾಡುವುದು ಕ್ರಮವಾಗಿತ್ತು. ನವೆಂಬರ್ ಎರಡರಂದು, ಮೃತರ ದಿನ, ಇಡೀ ಊರು ಸೇರಿ ಒಂಬತ್ತೂ ನುಡಿ ಹಾಡಿ ಗೋರಿಗಳ ಕಡೆ ನಡೆಯುತ್ತಿತ್ತು. ಕೀಬೋರ್ಡು ಬಂದ ಮೇಲೆ ಒಂಬತ್ತು ಮೂರಾಯಿತು, ಮೂರು ಒಂದಾಯಿತು, ಕೊನೆಗೆ ಯುವಕರ ಗಾಯನ ಮಂಡಳಿ ಬೇರೆ ಹಾಡನ್ನೇ ತಂದಿತು. ಒಮ್ಮೆ ಶವಪೆಟ್ಟಿಗೆ ಎದುರಿಗಿರುವಾಗಲೇ ಯಾರದೋ ಬೆರಳು ತಾಗಿ ಕೀಬೋರ್ಡಿನ ಡ್ರಮ್ಮು ಶುರುವಾಯಿತು. ನಿಲ್ಲಿಸುವ ಬಟನ್ ಸಿಗುವಷ್ಟರಲ್ಲಿ ಸತ್ತವರ ಮೊಮ್ಮಕ್ಕಳು ನಗು ತಡೆಯಲಾರದೆ ಹೊರಗೆ ಓಡಿದ್ದರು. ಹಳೆಯ ಹಾಡನ್ನು ಹಳೆಯ ಪೆಟ್ಟಿಗೆಯೊಂದಿಗೇ ವಾಪಸು ತರಬೇಕೆಂದು ನಾನು ಹಟ ಹಿಡಿದದ್ದು ಆ ದಿನ.

ಏಳು ವರ್ಷ ಹೋಯಿತು, ಮೂವರು ಫಾದರುಗಳು ಬಂದರು. ಮೊದಲನೆಯವರು ‘ನೋಡುವ’ ಎಂದರು. ಎರಡನೆಯವರು ‘ಪ್ರಾರ್ಥಿಸುವ’ ಎಂದರು. ಈಗಿನ ಫಾದರ್ ವಲೇರಿಯನ್ ಒಳ್ಳೆಯವರು, ಆದರೆ ಎರಡು ಫೋನು ಇಟ್ಟುಕೊಂಡವರು. ಒಂದರಲ್ಲಿ ಮಾತಾಡುತ್ತ ಇನ್ನೊಂದನ್ನು ನೋಡುತ್ತ, ಈಗಿನ ಮಕ್ಕಳಿಗೆ ಹಿಡಿಸಬೇಕಲ್ಲ ಟೀಚರ್ ಎಂದರು. ಹಿತ್ತಲ ಗಿಡ ಮದ್ದಲ್ಲ. ನಾನು ಬಿಡಲಿಲ್ಲ. ಭಾನುವಾರದ ಪೂಜೆ ಮುಗಿದ ಮೇಲೆ ಹಳಬರನ್ನು ಕೂರಿಸಿಕೊಂಡು ಒಂದೊಂದೇ ನುಡಿ ಬರೆಸಿಕೊಂಡೆ, ಹಾಡಿಸಿದೆ. ಹನ್ನೊಂದು ಮಂದಿ ಹೆಂಗಸರು, ಎಲ್ಲರಿಗೂ ಮಂಡಿನೋವು. ಅವರಿಗೆಲ್ಲ ಮುಂದಾಳು ಮೊಂತಿಬಾಯಿ. ಎಂಬತ್ತು ದಾಟಿದ ಹೆಂಗಸು, ಒಂಬತ್ತು ನುಡಿಯೂ ಬಾಯಿಪಾಠ, ಕಂಠ ಇನ್ನೂ ಗಟ್ಟಿ.

ಸೆಪ್ಟೆಂಬರಿನಲ್ಲಿ ಆಫ್ರಾಳ ಫೋನು ಬಂತು. ಅವಳು ಮೂಡುಬಿದಿರೆಯ ಕಾಲೇಜಿನಲ್ಲಿ ಪಾಠ ಮಾಡುತ್ತ ನಮ್ಮ ಕರಾವಳಿಯ ಹಳೆಯ ಚರ್ಚ್ ಹಾಡುಗಳ ಮೇಲೆ ಸಂಶೋಧನೆ ನಡೆಸುವ ಹುಡುಗಿ. ಹುಡುಗಿ ಎಂದರೆ ನಲವತ್ತು ಆಗಿರಬಹುದು, ನನಗೆ ಎಲ್ಲರೂ ವಿದ್ಯಾರ್ಥಿಗಳೇ. ನಮ್ಮ ಅಭ್ಯಾಸವನ್ನು ಯಾರೋ ಫೋನಿನಲ್ಲಿ ಹಿಡಿದದ್ದು ಅವಳವರೆಗೆ ಹೋಗಿತ್ತು. ಅದೇ ಹಾಡು ಬೇರೆ ನಾಲ್ಕು ಊರುಗಳಲ್ಲೂ ಇದೆಯಂತೆ. ಆದರೆ ಒಂದು ಸ್ವರ ನಮ್ಮಲ್ಲಿ ಮಾತ್ರ ಬೇರೆ.

ಅದೇನೆಂದು ಹೇಳುತ್ತೇನೆ. ಪ್ರತಿ ಸಾಲಿನ ಕೊನೆಗೆ ಹಾಡು ತನ್ನ ಮನೆಗೆ, ಅಂದರೆ ಆಧಾರ ಸ್ವರಕ್ಕೆ, ಬಂದು ನಿಲ್ಲುತ್ತದೆ. ಅದಕ್ಕೆ ಮುಂಚಿನ ಸ್ವರ ಬೇರೆ ಊರುಗಳಲ್ಲಿ ಹೊಸ್ತಿಲಿನ ಮೇಲೆ ನಿಂತಂತಿರುತ್ತದೆ, ಇನ್ನೇನು ಒಳಗೆ ಕಾಲಿಡಬೇಕು ಎಂಬಷ್ಟು ಹತ್ತಿರ. ನಮ್ಮಲ್ಲಿ ಅದು ಅಂಗಳದಲ್ಲೇ ನಿಂತುಬಿಡುತ್ತದೆ, ಅರ್ಧ ಸ್ವರ ಕೆಳಗೆ. ಇದು ತುಂಬ ಪುರಾತನ ಕ್ರಮ ಎಂದಳು ಆಫ್ರಾ. ಗೋವೆಯಿಂದ ಬಂದ ಹಿರಿಯರು ಹೊತ್ತು ತಂದದ್ದನ್ನು ಉಳಿದವರೆಲ್ಲ ಬದಲಾಯಿಸಿಕೊಂಡಿದ್ದಾರೆ, ನೀವು ಮಾತ್ರ ಉಳಿಸಿಕೊಂಡಿದ್ದೀರಿ ಎಂದಳು. ಮೃತರ ದಿನ ಬಂದು ಹಳೆಯ ಆರ್ಗನ್ನಿನೊಂದಿಗೆ ರೆಕಾರ್ಡ್ ಮಾಡುತ್ತೇನೆ, ಡಿಸೆಂಬರಿನಲ್ಲಿ ಮೂಡುಬಿದಿರೆಯ ಹಾಡಿನ ಕೂಟದಲ್ಲಿ ನಿಮ್ಮ ಹನ್ನೊಂದು ಮಂದಿಯದೇ ಮೊದಲ ಹಾಡು ಎಂದಳು. ಫೋನಿಟ್ಟ ಮೇಲೆ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಆ ಸ್ವರವನ್ನು ನಾಲ್ಕು ಸಲ ಹಾಡಿದೆ. ಏಳು ವರ್ಷದ ಮೇಲೆ ಒಬ್ಬರು ನನಗೆ ಪಾಸ್ ಮಾರ್ಕು ಕೊಟ್ಟಿದ್ದರು.

ಹೊರಗಿನವರು ಹೇಳಿದ ಮೇಲೆ ಕೇಳಬೇಕೆ? ಫಾದರ್ ವಲೇರಿಯನ್ ಎರಡೂ ಫೋನುಗಳನ್ನು ಕೆಳಗಿಟ್ಟರು. ಒಂದು ವಾರದಲ್ಲಿ ಪಾಣೆಮಂಗಳೂರಿನಿಂದ ಫ್ಲೆಕ್ಸ್ ಬಂದು ಚರ್ಚಿನ ಗೇಟಿಗೆ ಏರಿತು: ‘ನಾಲ್ಕು ಶತಮಾನಗಳ ಅಪೂರ್ವ ಸ್ವರ, ನಮ್ಮ ಊರಿನ ಹೆಮ್ಮೆ’. ಕೆಳಗೆ ನನ್ನ ಆಧಾರ್ ಕಾರ್ಡಿನ ಫೋಟೋ. ಆರ್ಗನ್ ರಿಪೇರಿಗೆ ಲಾಯಿಲದ ಸಂಕಪ್ಪನಿಗೆ ಹೇಳಿ ಕಳುಹಿಸಿದರು.

ಬೆಳ್ತಂಗಡಿ ಕಡೆಯ ಭಜನಾ ಮಂಡಳಿಗಳ ಹಾರ್ಮೋನಿಯಂ ಏನು ಕೆಟ್ಟರೂ ಸಂಕಪ್ಪನೇ ಬೇಕು. ಮಾತು ಕಡಿಮೆ, ಕಿವಿ ಚುರುಕು. ಮೂರು ದಿನ ಅಟ್ಟದಲ್ಲಿ ಕೂತು ತಿದಿಗೆ ಹೊಸ ಚರ್ಮ ಹಾಕಿದ, ಜೇಡರ ಬಲೆ ತೆಗೆದ, ಹಿತ್ತಾಳೆಯ ರೀಡುಗಳನ್ನು ಒಂದೊಂದೇ ಎಳೆದು ಒರೆಸಿಟ್ಟ. ಮೂರನೆಯ ದಿನ ಮಧ್ಯಾಹ್ನ ನಾನು ಚಹಾ ತೆಗೆದುಕೊಂಡು ಹೋದಾಗ ನನ್ನ ಅಂಗೈ ಮೇಲೆ ಹುಣಸೆ ಬೀಜದಷ್ಟು ದೊಡ್ಡ ಮಣ್ಣಿನ ಉಂಡೆಯೊಂದನ್ನು ಇಟ್ಟ.

“ಕಪ್ಪು ನಾಲ್ಕರ ಒಳಗೆ ಇತ್ತು ಟೀಚರ್. ಕಣಜ ಗೂಡು ಕಟ್ಟಿದ್ದು. ಕಲ್ಲಿನ ಹಾಗೆ ಆಗಿ ಉಂಟು, ಐವತ್ತು ವರ್ಷಕ್ಕೆ ಕಡಿಮೆ ಇಲ್ಲ. ಈ ಮನೆ ಅಷ್ಟು ಕಾಲದಿಂದ ಕೂಗಲೇ ಇಲ್ಲ.”

ಸಂಕಪ್ಪನಂಥವರ ಲೆಕ್ಕದಲ್ಲಿ ಕೀ ಎಂದರೆ ಮನೆ. ಕಪ್ಪು ನಾಲ್ಕೆಂದರೆ ಸಾಲಿನಲ್ಲಿ ನಾಲ್ಕನೆಯ ಕಪ್ಪು ಕೀ. ನಾನು ಉಂಡೆಯನ್ನು ಹಿಡಿದುಕೊಂಡು ನಿಂತೆ. ನಮ್ಮ ಹಾಡಿನಲ್ಲಿ ಆಧಾರಕ್ಕೆ ಬಂದು ನಿಲ್ಲುವ ಮುಂಚಿನ ಸ್ವರವನ್ನು ನಾನು ಬಾರಿಸುವುದು ಕಪ್ಪು ನಾಲ್ಕಿನ ಪಕ್ಕದ ಬಿಳಿಯಲ್ಲಿ, ಅದಕ್ಕಿಂತ ಅರ್ಧ ಸ್ವರ ಕೆಳಗೆ. ಪಪ್ಪ ಕಲಿಸಿದ್ದು ಹಾಗೆ. ಚಿಕ್ಕಂದಿನಲ್ಲಿ ನನ್ನ ಬೆರಳು ಆ ಜಾಗದಲ್ಲಿ ಕಪ್ಪಿಗೆ ಹೋದರೆ ಸ್ಕೇಲಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ಅದು ಬೇಡ ಜೆಸ್ಸಿ, ಬಿಳಿ. ಯಾಕೆ ಎಂದು ಕೇಳುವ ಕಾಲ ಅದಲ್ಲ.

ನನ್ನ ಮುಖ ನೋಡಿ ಸಂಕಪ್ಪ ಆರ್ಗನ್ನಿನ ಮುಚ್ಚಳವನ್ನು ತಿರುಗಿಸಿ ಬೆಳಕಿಗೆ ಹಿಡಿದ. ಒಳಬದಿಯಲ್ಲಿ ಪೆನ್ಸಿಲಿನ ಅಕ್ಷರ. ಆ ಅಕ್ಷರವನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ, ಅಕ್ಷರಕ್ಕೆ ಒಂದು ಕೊಂಬು ಹೆಚ್ಚೇ ಎಳೆಯುವ ಪಪ್ಪನ ಕೈ.

‘ಕಪ್ಪು ನಾಲ್ಕು ಕೂಗುವುದಿಲ್ಲ. ರಿಪೇರಿ ಆಗುವ ತನಕ ಪಕ್ಕದ ಬಿಳಿ. 12-6-1968.’

ನನಗೆ ಆಗ ನಾಲ್ಕು ವರ್ಷ. ಸರಿಯಾದದ್ದನ್ನು ನಾನು ಒಮ್ಮೆಯೂ ಕೇಳಿಯೇ ಇರಲಿಲ್ಲ. ಕೇಳಿ ನೆನಪಿಟ್ಟುಕೊಂಡವರೆಲ್ಲ ಚರ್ಚಿನ ಹಿಂದೆ ಕಲ್ಲಿನ ಕೆಳಗಿದ್ದಾರೆ. ಬೇರೆ ಯಾರಾದರೂ ಆಗಿದ್ದರೆ ಹಾಡನ್ನು ಇನ್ನೊಂದು ಶ್ರುತಿಗೆ ಏರಿಸಿ ತಪ್ಪಿಸಿಕೊಳ್ಳುತ್ತಿದ್ದರು, ಪಪ್ಪನಿಗೆ ಹಾಡಿನ ಸ್ವರ ಬರೆದಿದ್ದ ಹಳೆಯ ಕಾಗದದ ಶ್ರುತಿ ಬಿಟ್ಟು ಬೇರೆ ಬರುತ್ತಿರಲಿಲ್ಲ. ಜನ ಒಂದೆರಡು ತಿಂಗಳು ಗೊಣಗಿರಬಹುದು, ಆಮೇಲೆ ಪೆಟ್ಟಿಗೆ ಹೇಳಿದಂತೆ ಹಾಡಿದರು. ಆ ಕಾಗದವನ್ನು ಗೆದ್ದಲು ತಿಂದಿತು. ರಿಪೇರಿಗೆ ಬರೆಯಬೇಕೆಂದು ಪಪ್ಪ ಅಂದುಕೊಂಡರು, ಮಳೆಗಾಲ ಕಳೆಯಲಿ ಅಂದುಕೊಂಡರು, ಹಾಗೆ ಇಪ್ಪತ್ತೆಂಟು ಮಳೆಗಾಲ ಕಳೆದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮಲ್ಲಿ ನೆಲವೇ ಡೊಂಕಿತ್ತು, ಯಾರೂ ಬಾಯಿ ಬಿಡಲಿಲ್ಲ.

ಸಂಕಪ್ಪ ರೀಡು ತೊಳೆದು ಒಳಗೆ ಕೂರಿಸಿ, ಬಾರಿಸಿ ನೋಡಿ ಎಂದ. ನಾನು ತುಳಿದೆ, ಮೊದಲ ಸಾಲು ಬಾರಿಸಿದೆ, ಕೊನೆಗೆ ಕಪ್ಪು ನಾಲ್ಕನ್ನು ಒತ್ತಿದೆ. ಅದು ಕೂಗಿತು. ಹಾಡು ಹೊಸ್ತಿಲಿಗೆ ಬಂದು, ಒಳಗೆ ಕಾಲಿಟ್ಟು, ಕೂತಿತು. ಅಷ್ಟು ಚೆನ್ನಾಗಿತ್ತು ಎಂಬುದೇ ನನಗೆ ಹೊಟ್ಟೆ ಉರಿಸಿದ್ದು. ಜನ್ಮವಿಡೀ ಸ್ಕೇಲಿನ ಪೆಟ್ಟು ತಿಂದು ತಪ್ಪನ್ನು ಕಲಿತೆನಲ್ಲ, ಅದನ್ನು ಕಾಪಾಡಲಿಕ್ಕೆ ಏಳು ವರ್ಷ ಊರ ತುಂಬ ಜಗಳವಾಡಿದೆನಲ್ಲ ಎಂದು ಸಿಟ್ಟಿನಿಂದ ಕಣ್ಣೀರು ಬಂತು. ಸತ್ತ ಅಪ್ಪನ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಆದರೂ ಮಾಡಿದೆ.

ಫಾದರಿಗೆ ಅದೇ ಸಂಜೆ ಹೇಳಿದೆ. ಮಣ್ಣಿನ ಉಂಡೆಯನ್ನು ಅವರ ಮೇಜಿನ ಮೇಲಿಟ್ಟೆ. ಅವರು ಅದನ್ನು ನೋಡಿದರು, ಕಿಟಕಿಯಿಂದ ಗೇಟಿನ ಫ್ಲೆಕ್ಸನ್ನು ನೋಡಿದರು.

“ಟೀಚರ್, ಇದು ನನಗೆ, ನಿಮಗೆ, ಆ ಸಂಕಪ್ಪನಿಗೆ ಬಿಟ್ಟರೆ ಯಾರಿಗೆ ಗೊತ್ತುಂಟು?”

“ದೇವರಿಗೆ ಗೊತ್ತುಂಟು ಫಾದರ್,” ಎಂದೆ.

ಮರುದಿನ ಬೆಳಿಗ್ಗೆ ನಾನು ಆಫ್ರಾಳಿಗೆ ಫೋನು ಮಾಡಿ ಎಲ್ಲ ಹೇಳಿದೆ. ಮುಚ್ಚಳದ ಬರಹವನ್ನು ಓದಿ ಹೇಳಿದೆ, ತಾರೀಕು ಸಮೇತ. ಅವಳು ತಾರೀಕನ್ನು ಇನ್ನೊಮ್ಮೆ ಹೇಳಿಸಿ ಬರೆದುಕೊಂಡಳು. ಆಮೇಲೆ, ನೀವು ಹೇಳಿದ್ದು ಒಳ್ಳೆಯದಾಯಿತು ಎಂದಳು. ಅವಳ ಪ್ರಬಂಧ ಆಗಲೇ ಅರ್ಧ ಬರೆದಾಗಿತ್ತಂತೆ. ರೆಕಾರ್ಡಿಂಗ್ ಮುಂದಿನ ವರ್ಷ ನೋಡುವ ಎಂದಳು. ‘ನೋಡುವ’ ಎಂದರೆ ಏನೆಂದು ನನಗೆ ಏಳು ವರ್ಷದಿಂದ ಗೊತ್ತಿದೆ. ಮೂಡುಬಿದಿರೆಯ ಕೂಟದ ಪಟ್ಟಿಯಲ್ಲಿ ನಮ್ಮ ಜಾಗಕ್ಕೆ ಬೇರೆ ಊರಿನವರು ಬಂದರು. ಫ್ಲೆಕ್ಸನ್ನು ಇಳಿಸಿ, ಮಗುಚಿ, ಚರ್ಚಿನ ಹಿಂದಿನ ಜನರೇಟರಿಗೆ ಹೊದೆಸಿದ್ದಾರೆ. ಗಾಳಿ ಬಂದಾಗ ಮೂಲೆ ಏಳುತ್ತದೆ, ನನ್ನ ಅರ್ಧ ಮುಖ ಕಾಣುತ್ತದೆ.

ಅಲ್ಲಿಗೆ ಸುಮ್ಮನಿರಬೇಕಿತ್ತು. ನನ್ನ ಕೈಯಲ್ಲಿ ಕೆಂಪು ಪೆನ್ನು ಇತ್ತಲ್ಲ. ರೆಕಾರ್ಡಿಂಗ್ ಹೋದರೆ ಹೋಗಲಿ, ಹಾಡನ್ನಾದರೂ ಸರಿ ಮಾಡುತ್ತೇನೆ, ಮೃತರ ದಿನ ಐವತ್ತೇಳು ವರ್ಷದ ಮೇಲೆ ಅದು ಸರಿಯಾಗಿ ಕೇಳಬೇಕು ಎಂದು ನಿಶ್ಚಯಿಸಿದೆ. ಹನ್ನೊಂದು ಮಂದಿಯನ್ನು ಅಟ್ಟಕ್ಕೆ ಹತ್ತಿಸಿ, ವಿಷಯ ತಿಳಿಸಿ, ಹೊಸ ಸ್ವರ ಬಾರಿಸಿ ತೋರಿಸಿದೆ. ಹಾಡಿ ಎಂದೆ. ಹಾಡಿದರು, ಹಳೆಯದನ್ನೇ. ಮತ್ತೆ ಬಾರಿಸಿದೆ. ಮತ್ತೆ ಅದೇ. ಹತ್ತನೆಯ ಸಲಕ್ಕೆ ನಾನು ತರಗತಿಯಲ್ಲಿ ದನಿ ಏರಿಸುತ್ತಿದ್ದಂತೆ ಏರಿಸಿದೆ. ಕಿವಿ ಇಲ್ಲವೇ ನಿಮಗೆ, ಇಷ್ಟು ವರ್ಷ ತಪ್ಪು ಹಾಡಿದ್ದು ಸಾಕಾಗಲಿಲ್ಲವೇ ಎಂದೆ.

ಮೊಂತಿಬಾಯಿ ಬೆಂಚಿನಿಂದ ಎದ್ದರು. ನಮ್ಮೊಳಗಿನ ಮಾತು ಕೊಂಕಣಿಯಲ್ಲಿ. ಅವರು ಹೇಳಿದ್ದನ್ನು ಆದಷ್ಟು ಹಾಗೆಯೇ ಕನ್ನಡಕ್ಕೆ ತಂದು ಬರೆಯುತ್ತೇನೆ.

“ಜೆಸ್ಸಿಬಾಯ್, ನಾನು ಮದುವೆಯಾಗಿ ಈ ಊರಿಗೆ ಬಂದದ್ದು ಎಪ್ಪತ್ತನೇ ಇಸವಿಯಲ್ಲಿ. ಅತ್ತೆ ಮಾವನನ್ನು ಈ ಹಾಡಲ್ಲಿ ಕಳಿಸಿದ್ದೇನೆ. ನನ್ನ ಗಂಡನನ್ನು ಈ ಹಾಡಲ್ಲಿ ಕಳಿಸಿದ್ದೇನೆ. ನಿನ್ನ ಪಪ್ಪನನ್ನು ಕಳಿಸುವಾಗ ನಿನಗೆ ಬಾರಿಸಲಿಕ್ಕೆ ಆಗಲಿಲ್ಲ, ಒಂಬತ್ತು ನುಡಿಯೂ ನಾನು ಒಬ್ಬಳೇ ಹಾಡಿದ್ದು. ಅವರನ್ನೆಲ್ಲ ನಾವು ತಪ್ಪು ಹಾಡಿ ಕಳಿಸಿದ್ದಾ?”

ಅವರು ಕೋಲು ಊರಿಕೊಂಡು ಮೆಟ್ಟಿಲು ಇಳಿದರು, ಒಬ್ಬೊಬ್ಬರಾಗಿ ಉಳಿದವರೂ ಇಳಿದರು. ಆದರೂ ನನ್ನ ಹಟ ಇಳಿಯಲಿಲ್ಲ. ಪೆಟ್ಟಿಗೆಯ ದನಿ ದೊಡ್ಡದು, ಜನ ಅದರ ಹಿಂದೆ ಬರುತ್ತಾರೆ ಎಂದುಕೊಂಡೆ. ಅರವತ್ತೆಂಟರಲ್ಲಿ ತಪ್ಪಿನ ಹಿಂದೆ ಬಂದವರು ಈಗ ಸರಿಯ ಹಿಂದೆ ಬರಲಾರರೇ?

ನವೆಂಬರ್ ಎರಡರ ಬೆಳಿಗ್ಗೆ ಚರ್ಚು ತುಂಬಿತ್ತು. ಎಲ್ಲರ ಕೈಯಲ್ಲೂ ಗೋರಿಗೆ ಇಡುವ ಸೇವಂತಿಗೆ ಮತ್ತು ಮೇಣದ ಬತ್ತಿ. ಹನ್ನೊಂದು ಮಂದಿ ಅಟ್ಟಕ್ಕೆ ಹತ್ತಲಿಲ್ಲ, ಕೆಳಗೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಫಾದರ್ ಯುವಕರ ಮಂಡಳಿಗೆ ಕೀಬೋರ್ಡು ಸಿದ್ಧವಾಗಿಟ್ಟುಕೊಳ್ಳಲು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಪೂಜೆ ಮುಗಿಯಿತು. ನಾನು ತಿದಿ ತುಳಿದೆ.

ಮೊದಲ ನುಡಿ ಶುರುವಾದಾಗ ಇನ್ನೂರು ಮುನ್ನೂರು ಕಂಠ ಒಟ್ಟಿಗೆ ಎದ್ದಿತು. ಮರೆತಿರುತ್ತಾರೆ ಎಂದುಕೊಂಡಿದ್ದೆ, ಮರೆತಿರಲಿಲ್ಲ. ಮೊದಲ ಸಾಲಿನ ಕೊನೆಗೆ ನಾನು ಕಪ್ಪು ನಾಲ್ಕು ಒತ್ತಿದೆ. ಕೆಳಗಿನಿಂದ ಬಂದ ಸ್ವರವೂ ನನ್ನ ಸ್ವರವೂ ಡಿಕ್ಕಿ ಹೊಡೆದವು. ಕಲ್ಲು ಕಡಿದ ಹಾಗಾಯಿತು. ಎರಡನೆಯ ಸಾಲಿಗೆ ಇನ್ನೂ ಜೋರಾಗಿ ಒತ್ತಿದೆ. ಮೂರನೆಯದಕ್ಕೆ ಜನ ಆ ಜಾಗದಲ್ಲಿ ಅನುಮಾನಿಸಿ ನಿಂತರು. ಮೊಂತಿಬಾಯಿಯ ದನಿ ಮಾತ್ರ ಮುಂದೆ ಹೋಯಿತು, ಪೆಟ್ಟಿಗೆಗೆ ತಾಗಿತು, ನಡುಗಿತು, ನಿಂತಿತು. ಅವರು ಬಾಯಿ ಮುಚ್ಚಿ ಕೈಯಲ್ಲಿದ್ದ ಹೂಗಳನ್ನು ನೋಡಿಕೊಂಡದ್ದು ನನಗೆ ಅಟ್ಟದಿಂದ ಕಾಣಿಸಿತು. ಎರಡನೆಯ ನುಡಿಯನ್ನು ಯಾರೂ ಹಾಡಲಿಲ್ಲ. ನಾನೊಬ್ಬಳೇ ಬಾರಿಸಿದೆ, ಒಂದು ತಪ್ಪಿಲ್ಲದೆ, ಮೊದಲಿನಿಂದ ಕೊನೆಯವರೆಗೆ. ಡ್ರಮ್ಮಿನ ಕೀಬೋರ್ಡು ಮೂವತ್ತು ವರ್ಷದಲ್ಲಿ ಮಾಡಲಾಗದ್ದನ್ನು ನಾನು ಎರಡು ನುಡಿಯಲ್ಲಿ ಮಾಡಿ ಮುಗಿಸಿದ್ದೆ. ಕೆಳಗೆ ಯುವಕರ ಮಂಡಳಿಯವನೊಬ್ಬ ಕೀಬೋರ್ಡಿನ ಸ್ವಿಚ್ಚಿಗೆ ಕೈ ಹಾಕಿ ಫಾದರ್ ಕಡೆ ನೋಡಿದ.

ಮೂರನೆಯ ನುಡಿ. ಸಾಲಿನ ಕೊನೆ ಬಂತು. ನನ್ನ ಬೆರಳು ಕಪ್ಪಿನ ಮೇಲೆ ಹೋಗಿ ನಿಂತಿತು. ಪಕ್ಕದ ಬಿಳಿಗೆ ಇಳಿಸಲು ಮನಸ್ಸು ಬರಲಿಲ್ಲ, ಅದು ತಪ್ಪೆಂದು ಗೊತ್ತಾದ ಮೇಲೆ ಅದನ್ನು ಒತ್ತುವುದು ನನ್ನ ಕೈಗೆ ಸಾಧ್ಯವಿಲ್ಲ. ಕಪ್ಪನ್ನು ಒತ್ತಲೂ ಇಲ್ಲ. ಎತ್ತಿ ಹಿಡಿದೆ. ಪೆಟ್ಟಿಗೆ ಆ ಒಂದು ಸ್ವರದಷ್ಟು ಹೊತ್ತು ಸುಮ್ಮನಾಯಿತು. ಆ ಖಾಲಿ ಜಾಗದಲ್ಲಿ ಮೊಂತಿಬಾಯಿಯ ದನಿ ಬಂದು ನಿಂತಿತು, ಅಂಗಳದಲ್ಲೇ, ಎಂದಿನ ಜಾಗದಲ್ಲೇ. ಎರಡನೆಯ ಸಾಲಿಗೆ ಹತ್ತು ಮಂದಿ ಸೇರಿದರು. ನಾಲ್ಕನೆಯ ನುಡಿಗೆ ಇಡೀ ಚರ್ಚು ಸೇರಿತು. ಒಂಬತ್ತನೆಯ ನುಡಿಯವರೆಗೂ ಹಾಡಿದರು, ಪ್ರತಿ ಸಾಲಿನ ಕೊನೆಗೂ ನಾನು ಬೆರಳು ಎತ್ತಿದೆ, ಪ್ರತಿ ಸಾಲಿನ ಕೊನೆಗೂ ಅವರು ತಮ್ಮ ತಪ್ಪನ್ನು ಗಟ್ಟಿಯಾಗಿ ಹಾಡಿದರು.

ಸಮಾಧಾನವಾಯಿತೇ ಎಂದು ಕೇಳಬೇಡಿ. ಆಗಲಿಲ್ಲ. ಇವತ್ತಿಗೂ ಆ ಜಾಗ ಬಂದಾಗ ಹಲ್ಲು ಕಚ್ಚಿಕೊಳ್ಳುತ್ತೇನೆ. ಸರಿಯಾದದ್ದು ನನ್ನ ಬೆರಳಿನ ಕೆಳಗೇ ಇದೆ, ಚೊಕ್ಕವಾಗಿ ತೊಳೆದದ್ದು, ಕೂಗಲು ತಯಾರಿರುವುದು. ಕೇಳುವವರು ಯಾರೂ ಇಲ್ಲ.

ಜನ ಹೂವು ಹಿಡಿದು ಗೋರಿಗಳ ಕಡೆ ಹೋದರು. ಪಪ್ಪನ ಗೋರಿಗೂ ಯಾರೋ ಬತ್ತಿ ಹಚ್ಚಿರಬೇಕು, ಮೊಂತಿಬಾಯಿ ಪ್ರತಿವರ್ಷ ಹಚ್ಚುತ್ತಾರೆ. ನಾನು ಅಟ್ಟದಲ್ಲೇ ಉಳಿದೆ. ಮುಂದೆ ಇಲ್ಲಿ ಕೂರುವವರು ಯಾರೋ, ಅವರಿಗೆ ಏನಾದರೂ ಹೇಳಬೇಕಲ್ಲ. ಮುಚ್ಚಳವನ್ನು ತಿರುಗಿಸಿದೆ. ಕೆಂಪು ಪೆನ್ನು ಚೀಲದಲ್ಲಿತ್ತು, ಅದನ್ನು ಅಲ್ಲೇ ಬಿಟ್ಟು ಪೆನ್ಸಿಲು ತೆಗೆದೆ. ಪಪ್ಪನ ಸಾಲಿನ ಕೆಳಗೆ ಬರೆದೆ:

‘ಕಪ್ಪು ನಾಲ್ಕು ರಿಪೇರಿ ಆಗಿದೆ. ಸತ್ತವರ ಹಾಡಿಗೆ ಒತ್ತಬಾರದು.’